ಹೂಂ ಅಂದವರ ಪಾಲಿಗೆ

"ಬೇರೆ ಏನು ಬೇಕಾದ್ರೂ ಮಾತಾಡು ಮಗಳೇ. ಅಳು, ಕಿರುಚು, ಶಾಪ ಹಾಕು. ಆದ್ರೆ ಸಿನಿಮಾ ಕೊನೇಲಿ ಅವನು ಕೇಳ್ತಾನಲ್ಲ, ಅದಕ್ಕೆ ಮಾತ್ರ ಹೂಂ ಅನ್ಬೇಡ."

ಇದನ್ನು ಹೇಳುವಾಗ ಹೆಜ್ಜೆಯಮ್ಮ ಒಂದು ಕಾಲಿಗೆ ಗಂಡಸಿನ ಬೂಟು, ಇನ್ನೊಂದು ಕಾಲಿಗೆ ಹೆಂಗಸಿನ ಚಪ್ಪಲಿ ಹಾಕಿಕೊಂಡು ಮರಳಿನ ತಟ್ಟೆಯ ಮೇಲೆ ನಿಂತಿದ್ದಳು. ತೆರೆಯ ಮೇಲೆ ಯಾರೇ ನಡೆಯಲಿ, ಆ ಸದ್ದು ಆಕೆಯ ಕಾಲಿನದು. ಅದಕ್ಕೇ ಸ್ಟುಡಿಯೋದಲ್ಲಿ ಆಕೆಗೆ ಆ ಹೆಸರು.

ಹೊಸಬಳು ನಕ್ಕುಬಿಟ್ಟಳು. "ಮದುವೆ ಆದೋಳು ದಿನಕ್ಕೆ ಎಷ್ಟು ಸಲ ಹೂಂ ಅಂತಾಳೋ ಲೆಕ್ಕ ಇಟ್ಟೋರು ಯಾರಮ್ಮ? ಅದಕ್ಕೆಲ್ಲ ಮಾಟ ತಟ್ಟೋ ಹಾಗಿದ್ರೆ ಊರಲ್ಲಿ ಒಬ್ಬ ಹೆಂಗಸೂ ಉಳೀತಿರ್ಲಿಲ್ಲ."

ಹೆಜ್ಜೆಯಮ್ಮ ನಗಲಿಲ್ಲ. "ಉಳಿದಿದ್ದಾರೆ ಅಂತ ಯಾರು ಹೇಳಿದ್ದು ನಿನಗೆ?"

ಅವಳು ಆ ಸ್ಟುಡಿಯೋಗೆ ಹೊಸಬಳು, ಸಂಸಾರಕ್ಕೂ ಹೊಸಬಳು. ರೇಡಿಯೋ ನಾಟಕಗಳಲ್ಲಿ ಮುದುಕಿಯಿಂದ ಹಿಡಿದು ಅಳುವ ಕೂಸಿನವರೆಗೆ ಎಲ್ಲರಿಗೂ ದನಿಯಾಗುತ್ತ ವಯಸ್ಸು ಜಾರಿದ್ದೇ ಗೊತ್ತಾಗಿರಲಿಲ್ಲ. ತಲೆಯಲ್ಲಿ ಬೆಳ್ಳಿ ಎಳೆ ಕಾಣಿಸಿಕೊಂಡ ಮೇಲೆ ಇಲ್ಲಿನ ಸೌಂಡ್ ಇಂಜಿನಿಯರನನ್ನು ಮದುವೆಯಾದಳು. ಅವನು ಮೊದಲು ಮೆಚ್ಚಿದ್ದು ಅವಳ ದನಿಯನ್ನು. ರೂಪ ನೋಡಿ ಬಂದವರನ್ನು ಕಂಡಿದ್ದ ಅವಳಿಗೆ ಅದು ದೊಡ್ಡ ಮಾತೆನಿಸಿತ್ತು.

ದನಿಯೊಂದೇ ಅವಳ ಆಸ್ತಿ. ಅಕ್ಕನ ಮನೆಯಲ್ಲಿದ್ದ ಅಮ್ಮನಿಗೆ ಕಣ್ಣಿನ ಬೆಳಕು ಪೂರ್ತಿ ಆರಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ತಪ್ಪದೆ ಸ್ಟುಡಿಯೋಗೆ ಫೋನ್ ಮಾಡುತ್ತಿದ್ದಳು. "ನಿನ್ನ ಮುಖ ಮರೆತು ಹೋಗ್ತಾ ಇದೆ ಕಣೇ. ದನಿ ಮಾತ್ರ ಉಳಿದಿದೆ ನನ್ನ ಹತ್ರ. ಜೋಪಾನ," ಅನ್ನುತ್ತಿದ್ದಳು.

ಕೈಗೆ ಬಂದಿದ್ದ ಕೆಲಸ ಒಂದು ಹಳೆಯ ಕಪ್ಪು-ಬಿಳುಪಿನ ಭೂತದ ಸಿನಿಮಾ. ಚಿತ್ರ ಉಳಿದಿತ್ತು, ಶಬ್ದವೆಲ್ಲ ಅಳಿಸಿಹೋಗಿತ್ತು. ಯಾರೋ ಅದನ್ನು ಮತ್ತೆ ಬಿಡುಗಡೆ ಮಾಡಬೇಕೆಂದಿದ್ದಾರೆ ಎಂದು ಗಂಡ ಹೇಳಿದ್ದ. ಹೊಸದಾಗಿ ಮಾತು, ಹೆಜ್ಜೆ, ಗಾಳಿ, ಬಾಗಿಲು ಎಲ್ಲವನ್ನೂ ಕೂಡಿಸಬೇಕಿತ್ತು. ಕತೆ ಸಣ್ಣದು. ಸಾವು ಹತ್ತಿರ ಬಂದ ಗಂಡ. ಅವನಿಗೆ ಮಂತ್ರವಾದಿ ಹೇಳುವ ಉಪಾಯ: ನನ್ನ ಪಾಲಿನದನ್ನು ಹೊರುತ್ತೀಯಾ ಎಂದು ಒಬ್ಬರನ್ನು ಕೇಳು, ಅವರು ಹೂಂ ಅಂದರೆ ನಿನ್ನ ಸಾವು ಅವರಿಗೆ ದಾಟುತ್ತದೆ. ಗಂಡ ನೆಲಮಾಳಿಗೆಯ ಮೆಟ್ಟಿಲ ಮೇಲೆ ನಿಂತು ಹೆಂಡತಿಯನ್ನು ಕೇಳುತ್ತಾನೆ. ಅವಳು ಹೂಂ ಅನ್ನುತ್ತಾಳೆ. ಕೆಳಗಿನಿಂದ ಹೆಜ್ಜೆಗಳು ಬರುತ್ತವೆ.

ಆ ಮಂತ್ರವಾದಿಯ ಪಾತ್ರ ಮಾಡಿದವನು ನಟನೇ ಅಲ್ಲ, ನಿಜವಾದ ಮಾಟಗಾರ. ಬೂದಿಯ ಮಂಡಲದಲ್ಲಿ ಕೂತು ಹೇಳಿದ್ದೂ ನಿಜವಾದ ಮಂತ್ರ ಎಂಬುದು ಹೆಜ್ಜೆಯಮ್ಮನ ಮಾತು. ಹೆಂಡತಿಯ ಪಾತ್ರದವಳು ಆ ಚಿತ್ರದ ನಂತರ ಬಾಯಿ ತೆರೆಯಲಿಲ್ಲ, ವರ್ಷ ತುಂಬುವುದರೊಳಗೆ ತೀರಿಕೊಂಡಳು.

ರಾತ್ರಿ ಊಟಕ್ಕೆ ಕೂತಾಗ ಹೊಸಬಳು ಇದನ್ನು ಗಂಡನಿಗೆ ನಗುತ್ತ ಹೇಳಿದಳು. ಅವನ ಕೈ ತಟ್ಟೆಯ ಮೇಲೆ ನಿಂತಿತು.

"ನೀನು ನಂಬೋದಿಲ್ಲ ತಾನೇ?"

"ನನಗೇನು ತಲೆ ಕೆಟ್ಟಿದೆಯಾ?"

"ಅಲ್ವಾ ಮತ್ತೆ," ಎಂದು ಅವನು ಉಣ್ಣತೊಡಗಿದ. ಆಮೇಲೆ ಕೆಮ್ಮಿದ. ಬಹಳ ಹೊತ್ತು ಕೆಮ್ಮಿದ.

ಆ ಕೆಮ್ಮು ಮದುವೆಯ ನಂತರ ಶುರುವಾಗಿತ್ತು. ದನಿ ಒಡೆದು ಗರಗಸವಾಗಿತ್ತು. ಡಾಕ್ಟರ ಹತ್ತಿರ ಒಬ್ಬನೇ ಹೋಗುತ್ತಿದ್ದ, ಗಂಟಲಿನ ಸೋಂಕು ಅಂತೆ ಅನ್ನುತ್ತಿದ್ದ. ತನ್ನ ಕರವಸ್ತ್ರಗಳನ್ನು ತಾನೇ ಒಗೆದುಕೊಳ್ಳುತ್ತಿದ್ದ. ಇಂಥ ಗಂಡ ಎಷ್ಟು ಜನಕ್ಕೆ ಸಿಕ್ತಾನಮ್ಮ ಎಂದು ಅವಳು ಅಮ್ಮನ ಬಳಿ ಹೆಮ್ಮೆಪಟ್ಟಿದ್ದಳು.

ಸ್ಟುಡಿಯೋದೊಳಗೆ ಹಗಲು ಅನ್ನುವುದಿಲ್ಲ. ಗೋಡೆಗೆಲ್ಲ ದಪ್ಪ ಬಟ್ಟೆ, ಕಿಟಕಿಯೇ ಇಲ್ಲ. ನಡುವೆ ದಪ್ಪ ಗಾಜು. ಒಂದು ಕಡೆ ಅವಳು ಮೈಕಿನ ಮುಂದೆ ನಿಲ್ಲುವ ಮಾತಿನ ಕೋಣೆ, ಇನ್ನೊಂದು ಕಡೆ ಅವನು ಕೂರುವ ಯಂತ್ರದ ಕೋಣೆ. ಅವನು ಗುಂಡಿ ಒತ್ತಿದರೆ ಮಾತ್ರ ಅವನ ಮಾತು ಅವಳ ಕಿವಿಗೆ. ಹಳೆಯ ಫಿಲ್ಮಿನ ಹುಳಿ ವಾಸನೆ ಸೀರೆಯ ನೆರಿಗೆಗೂ ಹತ್ತಿ ಮನೆಗೆ ಬರುತ್ತಿತ್ತು.

ಅವನಿಗೊಂದು ಚಟ. ಅವಳು ಮಾತು ಮುಗಿಸುವ ಮೊದಲೇ ಗುಂಡಿ ಒತ್ತಿ "ಹೂಂ" ಅಂದುಬಿಡುತ್ತಿದ್ದ. ಆ ಹೂಂ ಟೇಪಿನ ಮೇಲೆ ಬೀಳುತ್ತಿತ್ತು. ಬ್ಲೇಡಿನಿಂದ ಅದನ್ನು ಕತ್ತರಿಸಿ ತೆಗೆಯುವುದು ಅವಳ ಪಾಲಿಗೆ ಬಂದ ಕೆಲಸ. ಬೆರಳುದ್ದದ ಆ ಟೇಪಿನ ಚೂರುಗಳನ್ನು ಗೋಡೆಯ ಮೊಳೆಗೆ ಸಿಕ್ಕಿಸಿಡುತ್ತಿದ್ದಳು. "ನಿಮ್ಮ ಹೂಂ ಕತ್ತರಿಸೋದ್ರಲ್ಲೇ ನನ್ನ ಆಯಸ್ಸು ಮುಗಿಯತ್ತೆ ನೋಡಿ," ಎಂದು ರೇಗಿಸುತ್ತಿದ್ದಳು.

ಚಿತ್ರದ ಗಂಡನ ಮಾತುಗಳನ್ನು ಅವನೇ ಒಡೆದ ದನಿಯಲ್ಲಿ ಓದಿಟ್ಟಿದ್ದ. "ಸದ್ಯಕ್ಕೆ ನಿನಗೆ ಅಳತೆಗೆ ಇರ್ಲಿ. ನಿಜವಾದ ನಟ ಬಂದ್ಮೇಲೆ ಬದಲಾಯಿಸಿದ್ರಾಯ್ತು." ಅದು ಎಲ್ಲ ಕಡೆ ನಡೆಯುವ ರೀತಿಯೇ. ಅವಳಿಗೆ ಅನುಮಾನ ಬರಲಿಲ್ಲ.

ಆ ಕೊನೆಯ ದೃಶ್ಯದ ದಿನ ಹೆಜ್ಜೆಯಮ್ಮ ಬರಲಿಲ್ಲ. ನೆಲಮಾಳಿಗೆಯಿಂದ ಬರುವ ಹೆಜ್ಜೆಗಳನ್ನು ನಾನು ಹಾಕುವುದಿಲ್ಲ ಎಂದು ಹೇಳಿ ಹೋಗಿದ್ದಳು. "ಅದಿಲ್ಲದೇ ಮಾಡೋಣ," ಎಂದ ಗಂಡ.

ದೀಪ ಆರಿತು. ತೆರೆಯ ಮೇಲೆ ಮೆಟ್ಟಿಲು. ಹೆಂಡತಿಯ ಮುಖ ಹತ್ತಿರಕ್ಕೆ ಬಂತು; ಅವಳ ತುಟಿ ಮುಚ್ಚಿತ್ತು. ಕಿವಿಯೊಳಗೆ ಗಂಡನ ಒಡಕು ದನಿ ಕೇಳಿತು.

"ನನ್ನ ಪಾಲಿಂದು ನೀನು ಹೊರ್ತೀಯಾ?"

ಯಾಕೋ ಗೊತ್ತಿಲ್ಲ, ಅವಳು ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿದಳು. ಗಾಜಿನ ಆಚೆ ನೋಡಿದಳು. ಅವನು ಯಂತ್ರವನ್ನು ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದ. ಜ್ವರ ಬಂದ ಮಗು ತಾಯಿಯನ್ನು ನೋಡುವ ಹಾಗೆ. ಅವನು ಗುಂಡಿ ಒತ್ತಿದ.

"ಯಾಕೆ ಕಣೇ? ಹೆದರಿದ್ಯಾ?"

ಅಷ್ಟು ಸಾಕಾಯಿತು. ತನ್ನ ಭಯಕ್ಕೆ ತಾನೇ ನಾಚಿದಳು. ಚಿತ್ರ ಹಿಂದಕ್ಕೆ ಓಡಿ ಮತ್ತೆ ಬಂತು. ಮೆಟ್ಟಿಲು. ಮುಚ್ಚಿದ ತುಟಿ.

"ನನ್ನ ಪಾಲಿಂದು ನೀನು ಹೊರ್ತೀಯಾ?"

"ಹೂಂ," ಎಂದಳು.

ಹಾಲು ಹಾಕುವವನಿಗೆ, ಅತ್ತೆಗೆ, ಅರ್ಧ ನಿದ್ದೆಯಲ್ಲಿ ಪಕ್ಕದವನಿಗೆ ಅನ್ನುವಂಥದೇ ಒಂದು ಹೂಂ. ಅದು ಬಾಯಿಂದ ಹೊರಟಿತು. ಹೊರಟದ್ದು ವಾಪಸು ಬರಲಿಲ್ಲ. ಗಂಟಲೊಳಗಿಂದ ಯಾರೋ ಒಂದು ಉದ್ದ ಕೂದಲನ್ನು ಎಳೆದುಕೊಂಡ ಹಾಗಾಯಿತು. ಕೂದಲು ಸುಟ್ಟ ವಾಸನೆ ಬಂತು. ತೆರೆಯ ಮೇಲಿನ ಹೆಂಗಸು ತುಟಿ ತೆರೆದು ಅವಳನ್ನೇ ನೋಡಿದಳು. ಚಿತ್ರದಲ್ಲಿ ಹಾಗಿರಲಿಲ್ಲ. ಆ ದೃಶ್ಯವನ್ನು ಅವಳು ಎಷ್ಟೋ ಸಲ ನೋಡಿದ್ದಳು. ಹಾಗಿರಲಿಲ್ಲ.

"ರೀ," ಎಂದು ಕೂಗಿದಳು. ಬರಿಯ ಉಸಿರು ಬಂತು.

ಯಂತ್ರದ ಕೋಣೆಗೆ ಓಡಿ ಬಂದಾಗ ಅವನು ಗುನುಗುತ್ತಿದ್ದ. ದನಿ ತೊಳೆದಿಟ್ಟ ಕಂಚಿನ ಹಾಗಿತ್ತು. ಅವಳು ತನ್ನ ಗಂಟಲು ತೋರಿಸಿದಳು. ಬಾಯಿ ತೆರೆದಳು, ಮುಚ್ಚಿದಳು. ಅವನು ಆಶ್ಚರ್ಯಪಡಲಿಲ್ಲ. ಆಗ ಅವಳಿಗೆ ಎಲ್ಲ ತಿಳಿಯಿತು. ಕರವಸ್ತ್ರಗಳೂ ತಿಳಿದವು.

"ಗಂಟಲಲ್ಲಿ ಗೆಡ್ಡೆ ಅಂದ್ರು," ಎಂದ ಅವನು, ನೆಲ ನೋಡುತ್ತ. "ಜಾಸ್ತಿ ದಿನ ಇಲ್ಲ ಅಂದ್ರು. ನಾನೇನು ಮಾಡ್ಲಿ, ಹೇಳು? ಈ ಸಿನಿಮಾನ ಹುಡುಕಿ ತರಿಸಿದ್ದೇ ಅದಕ್ಕೆ."

ಅವಳು ಅವನ ಅಂಗಿ ಹಿಡಿದು ಜಗ್ಗಿದಳು.

"ನಾನು ಬಲವಂತ ಮಾಡಿದ್ನಾ? ಕೇಳ್ದೆ. ನೀನೇ ಹೂಂ ಅಂದೆ." ಮೆಲ್ಲಗೆ ಅವಳ ಬೆರಳುಗಳನ್ನು ಬಿಡಿಸಿದ. "ಅಳ್ಬೇಡ. ಇರೋಷ್ಟು ದಿನ ನಾನು ನೋಡ್ಕೋತೀನಿ. ನಿನಗೆ ಏನೂ ಕಡಿಮೆ ಮಾಡಲ್ಲ."

ಇರೋಷ್ಟು ದಿನ. ಅವಳು ಕೆಮ್ಮಿದಳು. ಅಂಗೈಯಲ್ಲಿ ರಕ್ತ.

ಅವನು ಏನೂ ಆಗದವನಂತೆ ಮಾತಿನ ಕೋಣೆಗೆ ಹೋಗಿ ಮೈಕಿನ ತಂತಿ ಸುತ್ತತೊಡಗಿದ. ಕೆಲಸ ಮುಗಿದ ಮೇಲೆ ತಂತಿ ಸುತ್ತಿಡುವುದು ಅವನ ಅಚ್ಚುಕಟ್ಟು. ಅವಳು ಯಂತ್ರದ ಕೋಣೆಯಲ್ಲೇ ಉಳಿದಳು. ಟೇಪು ಇನ್ನೂ ತಿರುಗುತ್ತಲೇ ಇತ್ತು. ಸ್ಪೀಕರಿನಲ್ಲಿ ಏನೋ ಸದ್ದು.

ಧಪ್. ಧಪ್.

ಒದ್ದೆ ಕಾಲು. ಕಲ್ಲಿನ ಮೆಟ್ಟಿಲು. ಒಂದೊಂದಾಗಿ ಮೇಲಕ್ಕೆ ಬರುತ್ತಿತ್ತು. ಹೆಜ್ಜೆಯಮ್ಮ ಹಾಕದ ಹೆಜ್ಜೆ. ಅದು ಟೇಪಿನ ಮೇಲೆ ಇರಲೇ ಇಲ್ಲ.

ಅವಳು ಯಂತ್ರ ನಿಲ್ಲಿಸಿದಳು. ಟೇಪು ನಿಂತಿತು. ಹೆಜ್ಜೆ ನಿಲ್ಲಲಿಲ್ಲ.

ಈಗ ಅದು ಹೊರಗಿನ ಕಾರಿಡಾರಿನಲ್ಲಿತ್ತು. ಬಾಗಿಲ ಸಂದಿಯಿಂದ ನೆಲಮಾಳಿಗೆಯ ತಣುಪು ಒಳಗೆ ಸುಳಿಯಿತು. ಹಳೇ ನೀರಿನ, ಕೊಳೆತ ಬಟ್ಟೆಯ, ಬೂದಿಯ ನಾತ. ಕಿರುಚಬೇಕೆಂದರೆ ಕಿರುಚಲು ಏನೂ ಉಳಿದಿರಲಿಲ್ಲ. ಅಮ್ಮನ ನೆನಪಾಯಿತು. ಇನ್ನು ಸ್ವಲ್ಪ ಹೊತ್ತಿಗೆ ಫೋನ್ ಬರುತ್ತದೆ. ಹಲೋ ಹಲೋ ಅನ್ನುತ್ತಾಳೆ. ಈ ಕಡೆಯಿಂದ ಬರಿಯ ಉಸಿರು. ಮುಖ ಮೊದಲೇ ಮರೆತವಳು. ಅವಳ ಪಾಲಿಗೆ ಮಗಳು ಆ ಕ್ಷಣವೇ ಸತ್ತಳು.

ಧಪ್.

ಅವಳ ಕಣ್ಣು ಗೋಡೆಯ ಮೇಲೆ ಬಿತ್ತು. ಮೊಳೆ. ಮೊಳೆಗೆ ಸಿಕ್ಕಿಸಿದ ಟೇಪಿನ ಚೂರುಗಳು. ಒಂದೊಂದರಲ್ಲೂ ಅವನ ಹೂಂ.

ಕೇಳಿದ್ದು ಅವನು. ಹೂಂ ಅಂದವರ ಪಾಲಿಗೆ ಅದು. ಹಾಗಾದರೆ ಅವನೇ ಹೂಂ ಅಂದರೆ?

ಕೈ ಅಷ್ಟರಲ್ಲಿ ಬ್ಲೇಡಿಗೆ ಹೋಗಿತ್ತು. ಮನಸ್ಸು ಇನ್ನೂ ಹಿಂದೆ ಇತ್ತು. ಅವನ ಒದ್ದೆ ಕರವಸ್ತ್ರಗಳು ಹಗ್ಗದ ಮೇಲೆ ಸಾಲಾಗಿ ತೂಗುವುದು ಕಂಡಿತು. ನನಗೆ ಸಾಯಕ್ಕೆ ಭಯ ಕಣೇ ಎಂದು ನೇರವಾಗಿ ಹೇಳಿ ಕೇಳಿದ್ದರೆ? ಎಲ್ಲ ತಿಳಿದೂ ತಾನು ಹೂಂ ಅಂದುಬಿಡುತ್ತಿದ್ದಳೋ ಏನೋ. ಆ ಯೋಚನೆಯೇ ಅವಳನ್ನು ಹೆಚ್ಚು ಸುಟ್ಟಿತು. ಅವನು ಅಷ್ಟನ್ನೂ ಅವಳಿಗೆ ಬಿಡಲಿಲ್ಲ.

ಧಪ್. ಬಾಗಿಲ ಹತ್ತಿರ.

ಟೇಪಿನಲ್ಲಿ ತನ್ನ ಹೂಂ ಹುಡುಕಿದಳು. ಕತ್ತರಿಸಿದಳು. ಬ್ಲೇಡು ಬೆರಳನ್ನೂ ಕೊಯ್ದಿತು. ಮೊಳೆಯಿಂದ ಒಂದು ಚೂರು ಕಿತ್ತಳು. ಆ ಜಾಗದಲ್ಲಿ ಅಂಟಿಸಿದಳು. ಅಂಟು ಹಿಡಿಯಲಿಲ್ಲ. ಮತ್ತೆ ಒತ್ತಿದಳು. ಬಾಗಿಲ ಹಿಡಿ ತಿರುಗಿತು. ನಾತ ಮುಖಕ್ಕೆ ಬಡಿಯಿತು. ಅವಳು ಆ ಕಡೆ ನೋಡಲಿಲ್ಲ. ಒದ್ದೆಯಾದದ್ದು ಏನೋ ಹೆಗಲು ಮುಟ್ಟಿತು. ನೋಡಲಿಲ್ಲ. ಗುಂಡಿ ಒತ್ತಿದಳು.

ಮೆಟ್ಟಿಲು. ಮುಚ್ಚಿದ ತುಟಿ.

"ನನ್ನ ಪಾಲಿಂದು ನೀನು ಹೊರ್ತೀಯಾ?"

"ಹೂಂ," ಎಂದಿತು ಅವನ ದನಿ.

ಹೆಗಲ ಮೇಲಿನ ಭಾರ ಇಳಿಯಿತು. ಹೆಜ್ಜೆಗಳು ತಿರುಗಿದವು. ಕಾರಿಡಾರ್ ದಾಟಿದವು. ಆಚೆ ಕೋಣೆಯ ದಪ್ಪ ಬಾಗಿಲು ತಾನಾಗಿ ತೆರೆಯಿತು, ತಾನಾಗಿ ಮುಚ್ಚಿತು.

ಗಾಜಿನ ಆಚೆ ಅವನು ತಂತಿ ಹಿಡಿದುಕೊಂಡೇ ತಲೆಯೆತ್ತಿದ. ಮೊದಲು ಬಾಗಿಲ ಕಡೆ ನೋಡಿದ. ಆಮೇಲೆ ಅವಳ ಕಡೆ. ಬಾಯಿ ತೆರೆದ. ಅಗಲವಾಗಿ, ಇನ್ನೂ ಅಗಲವಾಗಿ. ಕತ್ತಿನ ನರಗಳು ಹುರಿಯಾದವು. ಮೈಕು ತೆರೆದೇ ಇತ್ತು. ಸ್ಪೀಕರಿನಲ್ಲಿ ಒಂದು ಎಳೆ ಸದ್ದೂ ಬರಲಿಲ್ಲ. ಅವನ ಹಿಂದೆ ತೆರೆಯ ಮೇಲೆ ಆ ಹೆಂಗಸು ಮೆಲ್ಲಗೆ ತುಟಿ ಮುಚ್ಚಿಕೊಂಡಳು.

ಫೋನ್ ಬಡಿದುಕೊಂಡಿತು.

ಅವಳು ರಕ್ತ ಸೋರುವ ಬೆರಳಿನಿಂದಲೇ ಅದನ್ನು ಎತ್ತಿದಳು.

"ಹಲೋ? ಯಾರು? ಯಾಕೆ ಮಾತಾಡ್ತಿಲ್ಲ?" ಅಮ್ಮನ ದನಿ ಗಾಬರಿಯಾಗಿತ್ತು. "ನೀನೇನಾ ಮಗಳೇ?"

ಅವಳು ಉಗುಳು ನುಂಗಿದಳು. ಗಂಟಲೊಳಗೆ ಏನೋ ಬಂದು ಕೂತಿತ್ತು. ತನ್ನದೇ ದನಿ, ಆದರೆ ಯಾರೋ ಬಳಸಿ ವಾಪಸು ಕೊಟ್ಟಂತೆ ತುಸು ಒರಟು.

"ನಾನೇ, ಅಮ್ಮ."

"ಸದ್ಯ! ದನಿ ಯಾಕೋ ಭಾರ ಆಗಿದೆ. ಅಳಿಯಂದೇ ಅಂಟಿಕೊಂಡಿತೇನೋ. ಬಿಸಿನೀರು ಕುಡಿ." ಅಮ್ಮ ನಿರಾಳವಾಗಿ ನಕ್ಕಳು. "ಅಂದ ಹಾಗೆ ನಿನ್ನ ಗಂಡನ ಕೆಮ್ಮು ನಿಂತಿತಾ?"

ಗಾಜಿನ ಆಚೆ ಅವನು ಎರಡೂ ಅಂಗೈಗಳಿಂದ ಗಾಜನ್ನು ಬಡಿಯುತ್ತಿದ್ದ. ಹಿಂದಿನಿಂದ ಏನೋ ಅವನನ್ನು ಕತ್ತಲೆಗೆ ಎಳೆಯುತ್ತಿತ್ತು. ಗಾಜಿನ ಮೇಲೆ ಅವನ ಬೆರಳಿನ ಮಂಜು ಗೆರೆಗಳು ಉಳಿದವು. ಎಲ್ಲವೂ ನಿಶ್ಶಬ್ದ.

ಅವಳು ಬೆನ್ನು ತಿರುಗಿಸಿದಳು.

"ಹೂಂ," ಎಂದಳು.