ಗೊತ್ತಿದ್ದ ದನಿ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದರ್ಜಿ ಹೆಂಗಸು ಕುರ್ಚಿ ತೋರಿಸಿದರೂ ಕೂರಲಿಲ್ಲ. ಆಕೆಯ ಗಂಡನಿಗೆ ಶ್ವಾಸಕೋಶದ ಕಾಯಿಲೆ. ಆಮ್ಲಜನಕ ಕೊಡುವ ಯಂತ್ರವಿಲ್ಲದೆ ರಾತ್ರಿ ಕಳೆಯುವಂತಿಲ್ಲ. ಆಸ್ಪತ್ರೆಯಿಂದ ಎರವಲು ತಂದದ್ದನ್ನು ಶುಕ್ರವಾರ ಹಿಂದಿರುಗಿಸಬೇಕು. ಹೊಸದನ್ನು ಫೋನಿನಲ್ಲಿ ಮಾರಿದವಳಿಗೆ ಕೂಡಿಟ್ಟದ್ದೆಲ್ಲ ಕೊಟ್ಟಾಗಿತ್ತು. ಯಂತ್ರ ಬರಲಿಲ್ಲ, ಈಗ ಇವಳ ನಂಬರ್ ಕಂಡರೆ ಮಾರಿದವಳು ಫೋನ್ ಎತ್ತುತ್ತಿರಲಿಲ್ಲ.

"ಹೇಗಮ್ಮ ನಂಬಿದ್ರಿ?" ಇನ್‌ಸ್ಪೆಕ್ಟರ್ ಕೇಳಿದರು.

"ಗೊತ್ತಿರೋ ದನಿ ಸಾರ್. ಫೋನಲ್ಲೇ ಸಾಮಾನು ಮಾರೋ ಆ ದೊಡ್ಡ ಕಂಪನಿಯಿಂದ ವಾರಕ್ಕೊಂದ್ಸಲ ಬರೋ ದನೀನೇ. ಎಷ್ಟು ಮರ್ಯಾದೆ ಅಂದ್ರೆ, ತಾನಾಗಿ ಯಾವತ್ತೂ ಮೊದಲು ಫೋನ್ ಇಡ್ತಿರ್ಲಿಲ್ಲ. 'ನೀವೇ ಇಡಿ ಅಕ್ಕ' ಅನ್ನೋಳು."

ಇನ್‌ಸ್ಪೆಕ್ಟರ್ ಒಂದು ಗಳಿಗೆ ಕಣ್ಣುಮುಚ್ಚಿ ದೇವರನ್ನು ನೆನೆದು, ಎಫ್‌ಐಆರ್ ಬರೆಸಿದರು. ಶುಕ್ರವಾರದೊಳಗೆ ಮುಗಿಯಲೇಬೇಕು.

ಆ ಕಂಪನಿಯ ಹಾಲ್‌ನಲ್ಲಿ ಸಾಲುಸಾಲು ಖಾಲಿ ಕುರ್ಚಿಗಳಿದ್ದವು. ಈಗ ಕಂಪ್ಯೂಟರೇ ಗಿರಾಕಿಗಳಿಗೆ ಕರೆ ಮಾಡುತ್ತದೆ ಎಂದು ಮ್ಯಾನೇಜರ್ ಹೆಮ್ಮೆಯಿಂದ ಅದರ ದನಿ ಕೇಳಿಸಿದರು. ಜೊತೆಗೆ ಬಂದಿದ್ದ ದರ್ಜಿ ಹೆಂಗಸು ಇದೇ ದನಿ ಎಂದಳು. ವರ್ಷಗಟ್ಟಲೆ ಅಲ್ಲಿ ದುಡಿದವಳೊಬ್ಬಳನ್ನು ಒಂದು ವಾರ ಕೂರಿಸಿ, ದನಿಯನ್ನು ಕಂಪ್ಯೂಟರಿಗೆ ತುಂಬಿಕೊಂಡು, ಆಮೇಲೆ ಅವಳನ್ನು ಮನೆಗೆ ಕಳಿಸಿದ್ದರು. ಗಿರಾಕಿಗಿಂತ ಮೊದಲು ಫೋನ್ ಇಟ್ಟವರಿಗೆ ಅಲ್ಲಿ ಆ ದಿನದ ಸಂಬಳ ಕತ್ತರಿ. ಹಾಗಾಗಿ ಯಾರೂ ಇಡುತ್ತಿರಲಿಲ್ಲ. ಕಂಪ್ಯೂಟರ್ ಮಾತ್ರ ಮಾತು ಮುಗಿದೊಡನೆ ತಾನೇ ಇಡುತ್ತಿತ್ತು, ಆದ್ದರಿಂದ ಮೋಸ ಮಾಡಿದ್ದು ಕೆಲಸ ಕಳೆದುಕೊಂಡ ಆ ಹೆಂಗಸೇ ಎಂದು ಇನ್‌ಸ್ಪೆಕ್ಟರ್ ಊಹಿಸಿದರು.

ಅವಳು ಹಳೆಯ ಮನೆ ಬಿಟ್ಟಿದ್ದಳು. ಮೊಬೈಲ್ ಟವರಿನ ವಿವರ ಮಾರುಕಟ್ಟೆಯ ಹಿಂದಿನ ಬಾಡಿಗೆ ಕಟ್ಟಡದವರೆಗೆ ತಲುಪಿಸಿತು, ಯಾವ ಕೋಣೆಯೆಂದು ಹೇಳಲಿಲ್ಲ.

ಬುಧವಾರ ಹನ್ನೊಂದಕ್ಕೆ ಇನ್‌ಸ್ಪೆಕ್ಟರ್ ಮಹಿಳಾ ಕಾನ್‌ಸ್ಟೆಬಲ್ ಒಬ್ಬಳೊಂದಿಗೆ ಅಲ್ಲಿಗೆ ಹೋದರು. ಬಾಯಿ ನಿಲ್ಲದ ಆಕೆಯನ್ನು ಠಾಣೆಯಲ್ಲಿ ಎಲ್ಲರೂ ಕರೆಯುತ್ತಿದ್ದುದು ರೇಡಿಯೋ ಎಂದೇ.

"ಬೆಲೆ ಕೇಳು, ಆಮೇಲೆ ಬಾಯಿಗೆ ಬೀಗ ಹಾಕ್ಕೋ ತಾಯಿ. ಫೋನ್ ಮಾತ್ರ ಇಡಬೇಡ."

"ಕೀಲಿ ನಿಮ್ಹತ್ರಾನೇ ಇಟ್ಕೊಳ್ಳಿ ಸಾರ್."

ಆಕೆ ಮೆಟ್ಟಿಲಲ್ಲಿ ನಿಂತು ಹೊಸ ಗಿರಾಕಿಯಂತೆ ಕರೆ ಮಾಡಿದಳು, ಬೆಲೆ ಕೇಳಿದಳು, ಸುಮ್ಮನಾದಳು. ಇಬ್ಬರೂ ಬಾಗಿಲಿಂದ ಬಾಗಿಲಿಗೆ ಕಿವಿಗೊಡುತ್ತ ನಡೆದರು. ಮೂರನೇ ಮಹಡಿಯ ನೀಲಿ ಬಾಗಿಲ ಹಿಂದೆ ಮೆಲುದನಿಯೊಂದು ಕಾಯುತ್ತಿತ್ತು: "ಅಕ್ಕ, ಲೈನಲ್ಲಿದ್ದೀರಾ? ಪರವಾಗಿಲ್ಲ, ನಿಧಾನವಾಗಿ ಹೇಳಿ."

ತಟ್ಟಿದಾಗ ಬಾಗಿಲು ತೆರೆದವಳ ಕಿವಿಗೆ ಫೋನ್ ಇನ್ನೂ ಅಂಟಿಕೊಂಡೇ ಇತ್ತು.

ಇಬ್ಬರು ಸಾಕ್ಷಿಗಳೆದುರು ಪಂಚನಾಮೆಯಾಯಿತು. ಮಂಚದಡಿಯ ಪೆಟ್ಟಿಗೆಯಲ್ಲಿ ಬ್ಯಾಂಕಿನಿಂದ ತೆಗೆದಿಟ್ಟ ಹಣ ಹೆಚ್ಚುಕಡಿಮೆ ಹಾಗೇ ಇತ್ತು. ಅವಳನ್ನು ಬಂಧಿಸಿದರು. ಮರುದಿನ ಇನ್‌ಸ್ಪೆಕ್ಟರ್ ನ್ಯಾಯಾಲಯದ ಮೊಗಸಾಲೆ ಬಿಟ್ಟು ಕದಲಲಿಲ್ಲ. ಹಣ ಬಿಡುಗಡೆಯ ಆದೇಶ ಕೈಗೆ ಬಂದಮೇಲೆಯೇ ಊಟ. ಸಂಜೆ ಹೊಸ ಯಂತ್ರ ದರ್ಜಿಯ ಮನೆ ಸೇರಿತು.

ಆ ಬಳಿಕ ಯಾಕೆ ಹೀಗೆ ಮಾಡಿದೆ ಎಂದು ಇನ್‌ಸ್ಪೆಕ್ಟರ್ ಕೇಳಿದ್ದಕ್ಕೆ ಬಂಧಿತಳಾದವಳು ಗೋಡೆ ನೋಡುತ್ತ ಹೇಳಿದಳು:

"ಕೆಲಸ ಹೋದ್ಮೇಲೆ ಒಂದಿನ ನಂಗೇ ಫೋನ್ ಬಂತು ಸಾರ್. ಎತ್ತಿದ್ರೆ ನಂದೇ ದನಿ. 'ನಮಸ್ಕಾರ ಅಕ್ಕ' ಅಂತು. ನಂಗೇ ಏನೋ ಮಾರೋಕೆ ಬಂದಿತ್ತು. ನನ್ನ ದನಿ ಇಟ್ಕೊಂಡು ಅವ್ರು ದುಡೀಬೋದು, ನಾನು ದುಡೀಬಾರ್ದಾ ಅನ್ನಿಸ್ತು."

"ದೇವರು ಕೊಟ್ಟ ಕಂಠ ಅದು. ನಿನ್ನಿಂದ ಕಿತ್ಕೊಂಡಿದ್ದು ತಪ್ಪೇ. ಆದ್ರೆ ಉಸಿರಿಗೆ ಒದ್ದಾಡೋ ಆ ದರ್ಜಿಯಮ್ಮನ ಗಂಡ ನಿನಗೇನು ಮಾಡಿದ್ದ?"

ಅವಳು ಗೋಡೆಯಿಂದ ಕಣ್ಣು ತೆಗೆದು ಇವರತ್ತ ತಿರುಗಿದಳು. ಆಮೇಲೆ, "ಅವ್ರಿಗೆ ಮಿಷನ್ ಸಿಕ್ತಾ?" ಎಂದಳು.

"ಸಿಕ್ತು."

ಆಗ ಅವಳು ತಲೆ ತಗ್ಗಿಸಿದಳು.