ಮೇಣದಡಿಯ ಹೆಣ್ಣು

“ಆ ಬಟ್ಟೆಯ ಮೇಣ ಬಿಡಿಸೋಕೆ ಹೋಗ್ಬೇಡ ಮಗಾ. ನನ್ನ ಮಗಳ ಜೀವ ಅದರಡಿ ಇದೆ,” ಎಂದ ಮಾವ ಪಾರ್ಮಿನ್.

ಅಳಿಯ ಪ್ರಸೊಜೊ ನಕ್ಕುಬಿಟ್ಟ. “ಜೀವ ಎದೇಲಿರುತ್ತೆ ಬಾಪಾಕ್, ಮೇಣದಲ್ಲಲ್ಲ. ಜೇನುಹುಳಾನ ಕೇಳಿದ್ರೂ ಹೇಳುತ್ತೆ.”

“ನಗಬೇಡಿ ಮಾಸ್,” ಎಂದಳು ಹೆಂಡತಿ ಕಿನಾಸಿಹ್, ಗಂಡನ ತೋಳು ಹಿಡಿದು.

ಸುರಬಾಯದಿಂದ ಲಾಸೆಮ್ ಊರಿನ, ಮೇಣದಲ್ಲಿ ಚಿತ್ತಾರ ಬರೆದು ಬಟ್ಟೆಗೆ ಬಣ್ಣ ಕಟ್ಟುವ ಈ ಬಾಟಿಕ್ ಮನೆಗೆ ಅವನು ಅಳಿಯನಾಗಿ ಬಂದು ವರ್ಷ ತುಂಬಿರಲಿಲ್ಲ. ಕಿನಾಸಿಹ್ ಹಿಂದೆ ಯಾರನ್ನೋ ಮದುವೆಯಾಗಲು ಒಪ್ಪದಿದ್ದಾಗ ಅವನ ಕಡೆಯವರು ಅವಳ ಮೇಲೆ ಮಾಟ ಮಾಡಿಸಿದ್ದರಂತೆ. ಅವಳನ್ನು ಉಳಿಸಲು ಮಾವ ಕರೆಸಿದ ಮಂತ್ರವಾದಿಯೊಬ್ಬ ಅವಳ ರೂಪವನ್ನು ಬಟ್ಟೆಯ ಮೇಲೆ ಬರೆದು, ಮಾಟವನ್ನು ಅದಕ್ಕಿಳಿಸಿ, ಮೇಣ ಮೆತ್ತಿ ಮುಚ್ಚಿದ್ದನಂತೆ. ಬಣ್ಣ ಹಾಕುವ ಕೊಟ್ಟಿಗೆಯ ಮೂಲೆಯಲ್ಲಿ ಆ ಬಟ್ಟೆ ಒಣಗಿದ ಚರ್ಮದ ಹಾಗೆ ತೂಗುತ್ತಿತ್ತು. ಅದಕ್ಕೆ ಬೆನ್ನು ಹಾಕಿ ಕೂರಲೂ ಕಿನಾಸಿಹ್ ಹೆದರುತ್ತಿದ್ದಳು. ನಿದ್ದೆಯಲ್ಲಿ ಬೆಚ್ಚಿ ಅಳುತ್ತಿದ್ದಳು. ಬಟ್ಟೆ ಬರೀ ಬಟ್ಟೆಯೆಂದು ಕಣ್ಣಾರೆ ಕಂಡರೆ ಅವಳ ಹೆದರಿಕೆ ಹೋದೀತು ಎಂದು ಪ್ರಸೊಜೊ ನಂಬಿದ್ದ.

ಮಾವ ಪೇಟೆಗೆ ಹೋಗಿದ್ದ ಒಂದು ಮಧ್ಯಾಹ್ನ ಅವನು ಹಂಡೆಯ ಕುದಿನೀರಿಗೆ ಅದನ್ನು ಅದ್ದಿದ. ಮೇಣ ಕರಗಿ ಮೇಲೆ ತೇಲಿತು. ಅದರ ಜೊತೆ ಎದ್ದದ್ದು ಕೊಳೆತ ಗಾಯದ ನಾತ. ಬಟ್ಟೆಯ ಮೇಲೆ ಕೆಂಪು ಗೆರೆಗಳಲ್ಲಿ ಹೆಣ್ಣೊಬ್ಬಳು ಮೂಡತೊಡಗಿದಳು. ಪಾದ. ಎದೆ. ಕೊರಳು. ಕಣ್ಣು.

ಅಂಗಳದಲ್ಲಿ ಚೀತ್ಕಾರ.

ಓಡಿದ. ಮೇಣದ ಒಲೆಯ ಪಕ್ಕ, ತೂಗುಹಾಕಿದ ಬಟ್ಟೆಯ ಮೇಲೆ ತಾನು ಅರ್ಧ ಬರೆದಿದ್ದ ಹೂಬಳ್ಳಿಯ ಕೆಳಗೆ ಕಿನಾಸಿಹ್ ಬಿದ್ದಿದ್ದಳು. ತುಟಿ ನೀಲಿಗಟ್ಟಿತ್ತು. ಉಸಿರು ಗಂಟಲಲ್ಲೇ ಸಿಕ್ಕಿಕೊಂಡಿತ್ತು.

“ಮಾಸ್... ಮೇಣ ಬಿಡಿಸಿಬಿಟ್ರಾ?”

ಬಟ್ಟೆ ಎಳೆದು ತಂದ. ಹಾಸಿದ. ಬಾಣಲೆಯ ಸುಡುವ ಮೇಣಕ್ಕೆ ಬರಿಗೈ ಅದ್ದಿದ. ಬಳಿದ. ಒದ್ದೆ ಬಟ್ಟೆಗೆ ಮೇಣ ಹಿಡಿಯದು. ಒತ್ತಿ ಬಳಿದ. ಅಂಗೈ ಸುಲಿಯಿತು. ಮತ್ತೆ ಬಳಿದ. ಪಾದ ಮುಚ್ಚಿತು. ಎದೆ ಮುಚ್ಚಿತು. ಅವಳು ಉಸಿರೆಳೆದಳು! ಕೊರಳು ಮುಚ್ಚಿತು. ಕಣ್ಣಿನ ಮೇಲೆ ಬಳಿದದ್ದು ಜಾರಿತು. ಮತ್ತೆ ಬಳಿದ. ಮತ್ತೆ ಜಾರಿತು. ಬಾಣಲೆ ಬರಿದಾಯಿತು.

ಕಿನಾಸಿಹ್ ಮೆಲ್ಲಗೆ ಎದ್ದು ಕುಳಿತಳು. ತುಟಿಗೆ ಕೆಂಪು ಮರಳಿತ್ತು. ಅವನು ಅವಳನ್ನು ತಬ್ಬಿಕೊಂಡು ಬಿಕ್ಕಿಬಿಕ್ಕಿ ಅತ್ತ.

“ಬದುಕಿದೀನಲ್ಲ, ಅಳ್ತೀರಾ ಯಾಕೆ?” ಎನ್ನುತ್ತ ಅವಳು ಅವನ ಮುಖಕ್ಕಾಗಿ ಗಾಳಿಯಲ್ಲಿ ತಡಕಾಡಿದಳು. “ಇಷ್ಟು ಬೇಗ ಕತ್ತಲಾಯ್ತಾ? ದೀಪ ಹಚ್ಚಿ ಮಾಸ್. ಬಾಪಾಕ್ ಪೇಟೆಯಿಂದ ಬರೋದ್ರೊಳಗೆ ಈ ಹೂವು ಮುಗಿಸ್ಬೇಕು.”

ಅಂಗಳದ ತುಂಬ ಬಿಸಿಲು ಸುರಿಯುತ್ತಿತ್ತು.

“ಹಚ್ತೀನಿ,” ಎಂದ ಪ್ರಸೊಜೊ. ಕೂತಲ್ಲಿಂದ ಏಳಲಿಲ್ಲ.