ಸುಮನಬಾಯಿಯ ಕೊರಳಿನ ನಾಣ್ಯ

ಇದು ೧೯೪೧ರಲ್ಲಿ ನಡೆದದ್ದು. ನಂಬುವುದು ಬಿಡುವುದು ನಿಮಗೆ ಸೇರಿದ್ದು. ಪಟ್ಟಾಭಿಷೇಕ, ಉತ್ಸವಗಳ ನೆನಪಿಗೆ ಹೊಡೆಸಿದ ಚಿನ್ನದ ನಾಣ್ಯ ಕೂಡಿಹಾಕುವ ಹುಚ್ಚು ನನಗೆ. ಅಂಥದೊಂದು ಬಸವಕಲ್ಯಾಣದಲ್ಲಿದೆ ಎಂದು ತಿಳಿದು ಹುಮನಾಬಾದಿನಿಂದ ಹೋದೆ.

ನಾಣ್ಯ ಸುಮನಬಾಯಿ ಎಂಬವಳ ಕೊರಳಲ್ಲಿತ್ತು. ಅವಳು ಎರಡನೇ ಸಂಬಂಧದವಳು. ಎರಡನೇ ಹೆಂಡತಿ ಸತ್ತ ಸವತಿಯ ಹೆಸರಿನಲ್ಲಿ ಪದಕ ಹಾಕಿಕೊಳ್ಳುವುದು ಅವರ ಮನೆತನದ ವಾಡಿಕೆ; ಈ ನಾಣ್ಯವೇ ಆ ಪದಕ. ಕೇಳಿದ್ದೇ ತಡ, ಚೌಕಾಸಿಯಿಲ್ಲದೆ ಬಿಚ್ಚಿಕೊಟ್ಟಳು. ನನಗೆ ಆಗಲೇ ಗುಮಾನಿ ಬಂತು. ನಾಣ್ಯವಿದ್ದ ಕಡೆ ಅವಳ ಮೈಮೇಲೆ ದುಂಡನೆಯ ಬಿಳಿ ಗುರುತಿತ್ತು.

“ಮನ್ಯಾಗ ಹೆಂಡತಿ ಅದಾರೇನ್ರಿ?” ಎಂದಳು.

“ಯಾಕವ್ವಾ?”

“ಸುಮ್ನ ಕೇಳಿದೆರಿ.”

ಖೊಟ್ಟಿ ಇರಬೇಕೆಂದು ಅಕ್ಕಸಾಲಿಗ ತುಳಜಾರಾಮನಿಗೆ ತೋರಿಸಿದೆ. ಒರೆಗಲ್ಲಿಗೆ ತಿಕ್ಕಿ, “ಮಾಲು ಖರೇ ಅದರಿ” ಎಂದ.

ಮನೆಗೆ ತಂದು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಮರುದಿನ ತೆಗೆದರೆ ಉಳಿದ ನಾಣ್ಯಗಳು ತಣ್ಣಗಿದ್ದವು. ಇದೊಂದು ಮಾತ್ರ ಈಗಷ್ಟೇ ಮೈಯಿಂದ ತೆಗೆದಂತೆ ಬೆಚ್ಚಗಿತ್ತು, ಬೆವರಿನ ವಾಸನೆ ಬೇರೆ. ನನ್ನ ಹೆಂಡತಿ ಕೇಶರಬಾಯಿ ಕದ್ದು ಹಾಕಿಕೊಳ್ಳುತ್ತಿದ್ದಾಳೆ ಎಂದುಕೊಂಡು ಬೀಗದ ಕೈಯನ್ನು ಉಡದಾರಕ್ಕೆ ಕಟ್ಟಿಕೊಂಡೆ. ಎಂಟು ದಿನವೂ ಅದೇ ಬಿಸುಪು.

ಒಂಬತ್ತನೆಯ ದಿನ ಜಗಳ ತೆಗೆದೆ.

“ನಿಮ್ಮ ನಾಣ್ಯ ನಾ ಕಣ್ಣೀಲೆ ಸೈತ ನೋಡಿಲ್ರಿ!” ಎಂದು ಅವಳು ಅಳುತ್ತ ಸೆರಗು ಸರಿಸಿದಳು. “ನೋಡ್ರಿ, ನನ್ನ ಕೊರಳಾಗ ಏನರ ಅದ ಏನು?”

ತಾಳಿಯ ಕೆಳಗೆ ದುಂಡನೆಯ ಬಿಳಿ ಗುರುತಿತ್ತು. ನಾಣ್ಯ ತಂದು ಅದರ ಮೇಲಿಟ್ಟೆ. ಅಂಚಿಗೆ ಅಂಚು ಕೂಡಿತು.

ಸತ್ತ ಸವತಿಯ ಪದಕ ಅದು; ನನಗಾದದ್ದು ಒಂದೇ ಮದುವೆ.